ಕುರ್ಚಿಯ ಮೇಲೆ ಹೊರಿಸಿದ ಅಪವಾದ

ಹೋಟೆಲಿನ ಟೇಬಲ್ಲಿನಲ್ಲಾಗಲಿ, ಅರಳಿಕಟ್ಟೆಯ ಮೇಲಾಗಲಿ, ಟೀವಿ ಚರ್ಚೆಯಲ್ಲಾಗಲಿ, ರಾಜಕೀಯದ ಹರಟೆ ಮುಗಿಯುವುದು ಒಂದೇ ಮಾತಿನಲ್ಲಿ: ಮನುಷ್ಯ ಒಳ್ಳೆಯವನೇ, ಕುರ್ಚಿ ಕೆಡಿಸಿತು. ಶಾಸಕನಾಗುವ ಮೊದಲು ಸ್ಕೂಟರಿನಲ್ಲಿ ಓಡಾಡುತ್ತಿದ್ದ, ಸಿಕ್ಕವರ ಹೆಗಲ ಮೇಲೆ ಕೈ ಹಾಕುತ್ತಿದ್ದ. ಈಗ ಕಾರಿನ ಗಾಜನ್ನೂ ಇಳಿಸುವುದಿಲ್ಲ. ಏನು ಮಾಡುವುದು, ಅಧಿಕಾರ ಅಂದರೆ ಹಾಗೇ. ಇಷ್ಟು ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಆಡಿದವನು ಲೋಕ ಕಂಡವನಂತೆ ಕಾಣುತ್ತಾನೆ, ಕೇಳಿದವನು ತಲೆಯಾಡಿಸುತ್ತಾನೆ. ಆ ಶಾಸಕನ ಕಿವಿಗೆ ಬಿದ್ದರೆ ಅವನಿಗೂ ಬೇಸರವಾಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಆರೋಪಿಗೇ ಹಿತವಾಗುವ ಆರೋಪವನ್ನು ಸ್ವಲ್ಪ ಅನುಮಾನದಿಂದ ನೋಡಬೇಕು.

ಈ ಮಾತಿಗೆ ವಿದ್ವತ್ತಿನ ಮೊಹರು ಬೇಕಾದಾಗ ಲಾರ್ಡ್ ಆ್ಯಕ್ಟನ್‌ನ ಹೆಸರು ಬರುತ್ತದೆ. ಅಧಿಕಾರ ಕೆಡಿಸುವತ್ತ ವಾಲುತ್ತದೆ, ನಿರಂಕುಶ ಅಧಿಕಾರ ಪೂರಾ ಕೆಡಿಸುತ್ತದೆ ಎಂದು ಆ ಇಂಗ್ಲಿಷ್ ಇತಿಹಾಸಕಾರ ಹೇಳಿದ್ದಾನೆ ಎಂಬುದು ಎಲ್ಲರಿಗೂ ಗೊತ್ತು. ಯಾರಿಗೆ ಹೇಳಿದ, ಯಾಕೆ ಹೇಳಿದ ಎಂದು ಕೇಳುವವರು ಕಡಿಮೆ. 1887ರ ಏಪ್ರಿಲ್‌ನಲ್ಲಿ ಅವನು ಮ್ಯಾಂಡೆಲ್ ಕ್ರೈಟನ್ ಎಂಬ ವಿದ್ವಾಂಸನಿಗೆ ಬರೆದ ಪತ್ರದಲ್ಲಿ ಬರುವ ಮಾತು ಅದು. ಕ್ರೈಟನ್ ಆಂಗ್ಲಿಕನ್ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವನು. ಆಗ ಪೋಪರ ಚರಿತ್ರೆಯ ಹೊಸ ಸಂಪುಟಗಳನ್ನು ಹೊರತಂದಿದ್ದ. ಆ್ಯಕ್ಟನ್ ಕ್ಯಾಥೊಲಿಕ್. ತನ್ನದೇ ಮತದ ಪೋಪರು ಮಾಡಿದ ಹಿಂಸೆಯನ್ನು ಹೊರಗಿನವನೊಬ್ಬ ಕಾಲ ಹಾಗಿತ್ತು, ಸ್ಥಾನ ಹಾಗಿತ್ತು ಎಂದು ಮೆದುವಾಗಿ ದಾಟಿಸಿಬಿಟ್ಟನಲ್ಲ ಎಂದು ಅವನಿಗೆ ಸಿಟ್ಟು. ಕ್ರೈಟನ್ ಸಂಪಾದಿಸುತ್ತಿದ್ದ ಪತ್ರಿಕೆಗೇ ಆ ಪುಸ್ತಕದ ಕಟುವಾದ ವಿಮರ್ಶೆ ಬರೆದುಕೊಟ್ಟ. ಪತ್ರದಲ್ಲಿ ಅವನ ಬೇಡಿಕೆ ಸರಳವಾಗಿದೆ: ರಾಜನನ್ನೂ ಪೋಪನನ್ನೂ ಸಾಮಾನ್ಯ ಮನುಷ್ಯನ ಅಳತೆಗೋಲಿನಲ್ಲೇ ಅಳೆಯಿರಿ; ರಿಯಾಯಿತಿ ಕೊಡಬೇಡಿ; ಪಕ್ಷಪಾತ ಮಾಡಲೇಬೇಕೆಂದರೆ ಅಧಿಕಾರಸ್ಥನ ವಿರುದ್ಧವೇ ಮಾಡಿ, ಅಧಿಕಾರ ಹೆಚ್ಚಿದಷ್ಟೂ ಅನುಮಾನವನ್ನು ಹೆಚ್ಚಿಸಿಕೊಳ್ಳಿ. ಬದುಕಿದ್ದಾಗ ಅವರನ್ನು ಯಾವ ಕೋರ್ಟೂ ಕೇಳಲಿಲ್ಲವಾದ್ದರಿಂದ ಚರಿತ್ರೆಯಾದರೂ ಕೇಳಲಿ.

ಆ್ಯಕ್ಟನ್ ಆ ಮಾತನ್ನು ಬರೆದದ್ದು ವಿನಾಯಿತಿ ಕೊಡಬೇಡಿ ಎನ್ನಲು. ನಾವು ಅದನ್ನು ಉದ್ಧರಿಸುವುದು ವಿನಾಯಿತಿ ಕೊಡಲು. ಅವನ ಪ್ರಕಾರ ದೊಡ್ಡ ಸ್ಥಾನ ದೊಡ್ಡ ಅಪರಾಧಕ್ಕೆ ಸಾಕ್ಷಿ. ನಮ್ಮ ಪ್ರಕಾರ ಅದೊಂದು ಕಾಯಿಲೆ, ಪಾಪ, ಯಾರಿಗಾದರೂ ತಗಲಬಹುದು. (ಆ್ಯಕ್ಟನ್ ಋಷಿಯೇನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಸೋತದ್ದಕ್ಕೆ ಮರುಗಿ 1866ರಲ್ಲಿ ಅವರ ಸೇನಾಪತಿ ರಾಬರ್ಟ್ ಲೀಗೆ ಪತ್ರ ಬರೆದವನು. ಕೇಂದ್ರ ಸರ್ಕಾರದ ಅಧಿಕಾರ ಅವನ ಕಣ್ಣಿಗೆ ಬಿತ್ತು. ಹೊಲದಲ್ಲಿ ದುಡಿಯುವ ಗುಲಾಮನ ಮೇಲೆ ಧಣಿಗಿದ್ದ ಅಧಿಕಾರ ಅಷ್ಟಾಗಿ ಬೀಳಲಿಲ್ಲ.)

ಇಪ್ಪತ್ತನೇ ಶತಮಾನದಲ್ಲಿ ಈ ಗಾದೆಗೆ ವಿಜ್ಞಾನದ ಬಟ್ಟೆ ತೊಡಿಸಿದ್ದು ಸ್ಟ್ಯಾನ್‌ಫರ್ಡ್ ಜೈಲಿನ ಪ್ರಯೋಗ. ನಾಯಕತ್ವದ ತರಬೇತಿಗೆ ಹೋದವರೆಲ್ಲ ಈ ಕಥೆ ಕೇಳಿಸಿಕೊಂಡಿರುತ್ತಾರೆ. 1971ರ ಆಗಸ್ಟ್. ಫಿಲಿಪ್ ಜಿಂಬಾರ್ಡೊ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕ ವಿಶ್ವವಿದ್ಯಾಲಯದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಜೈಲು ಕಟ್ಟಿದ. ದಿನಕ್ಕೆ 15 ಡಾಲರ್ ಕೂಲಿಗೆ ಬಂದವರಲ್ಲಿ ಮಾನಸಿಕವಾಗಿ ಆರೋಗ್ಯವಾಗಿದ್ದ 24 ಹುಡುಗರನ್ನು ಆರಿಸಿ, ಯಾರು ಕೈದಿ ಯಾರು ಕಾವಲುಗಾರ ಎಂಬುದನ್ನು ಅದೃಷ್ಟಕ್ಕೆ ಬಿಟ್ಟ. ಕಾವಲುಗಾರರಿಗೆ ಖಾಕಿ, ಲಾಠಿ, ಕಣ್ಣು ಕಾಣದಂಥ ಕನ್ನಡಿ ಗಾಜಿನ ಕನ್ನಡಕ. ಕೈದಿಗಳಿಗೆ ನಿಲುವಂಗಿ, ಎದೆಯ ಮೇಲೊಂದು ನಂಬರು. ಎರಡು ವಾರ ನಡೆಯಬೇಕಿದ್ದ ಪ್ರಯೋಗ ಆರು ದಿನಕ್ಕೆ ನಿಂತುಹೋಯಿತು. ಕಾವಲುಗಾರರು ಅಷ್ಟು ಕ್ರೂರಿಗಳಾಗಿಬಿಟ್ಟಿದ್ದರು. ನಿನ್ನೆಯ ಸಾಧು ಹುಡುಗರು ಇಂದು ರಾಕ್ಷಸರು. ಮಧ್ಯೆ ಬಂದದ್ದು ಅಧಿಕಾರ ಒಂದೇ. ಹೀಗೆಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳಿಕೊಂಡು ಬಂದವು.

ಆ ಪ್ರಯೋಗದ ಟೇಪುಗಳನ್ನೂ ಕಡತಗಳನ್ನೂ ಫ್ರಾನ್ಸಿನ ಥಿಬೋ ಲ ಟೆಕ್ಸಿಯೆ ಎಂಬ ಸಂಶೋಧಕ ಕೂತು ಓದಿ 2018ರಲ್ಲಿ ಪುಸ್ತಕ ಬರೆದ ಮೇಲೆ ಕಥೆ ಬೇರೆಯಾಯಿತು. ಕಾವಲುಗಾರರಿಗೆ ಅಧಿಕಾರವನ್ನಷ್ಟೇ ಕೊಟ್ಟು ಬಿಟ್ಟಿರಲಿಲ್ಲ, ಪಾಠವನ್ನೂ ಹೇಳಿಕೊಟ್ಟಿದ್ದರು. ಕೈದಿಗಳಲ್ಲಿ ಅಸಹಾಯಕತೆ ಹುಟ್ಟಿಸುವುದು ಹೇಗೆಂದು ಮೊದಲೇ ಸಭೆ ಕರೆದು ವಿವರಿಸಲಾಗಿತ್ತು. ಜೈಲಿನ ನಿಯಮಗಳಲ್ಲಿ ಹಲವು, ಡೇವಿಡ್ ಜಾಫೆ ಎಂಬ ವಿದ್ಯಾರ್ಥಿ ಅದಕ್ಕೂ ಮುಂಚೆ ಹಾಸ್ಟೆಲ್ಲಿನಲ್ಲಿ ನಡೆಸಿದ್ದ ಇಂಥದೇ ಆಟದಿಂದ ಬಂದವು; ಆ ಜಾಫೆಯೇ ಇಲ್ಲಿ ವಾರ್ಡನ್. ಮೆತ್ತಗಿದ್ದ ಕಾವಲುಗಾರನೊಬ್ಬನನ್ನು ಅವನು ಪಕ್ಕಕ್ಕೆ ಕರೆದು ಗಟ್ಟಿಯಾಗು ಎಂದು ಪುಸಲಾಯಿಸಿದ್ದು ಟೇಪಿನಲ್ಲೇ ಇದೆ. ಎಲ್ಲರಿಗಿಂತ ಕ್ರೂರಿ ಎಂದು ಹೆಸರಾದ ಡೇವ್ ಎಶಲ್‌ಮನ್, ತಾನು ಜೈಲಿನ ಸಿನಿಮಾ ಒಂದರ ಪಾತ್ರವನ್ನು ಅನುಕರಿಸಿ ನಟಿಸುತ್ತಿದ್ದೆ, ಪ್ರಯೋಗ ನಡೆಸುವವರಿಗೆ ಬೇಕಾದದ್ದನ್ನು ಕೊಟ್ಟೆ ಎಂದು ಹೇಳಿಕೊಂಡಿದ್ದಾನೆ. ಇಷ್ಟೆಲ್ಲ ಒತ್ತಾಯದ ನಡುವೆಯೂ ಕ್ರೂರವಾಗಿ ನಡೆದುಕೊಂಡವರು ಕಾವಲುಗಾರರಲ್ಲಿ ಮೂರನೇ ಒಂದು ಭಾಗ ಮಾತ್ರ. ಇದು ಜಿಂಬಾರ್ಡೊನ ತಂಡವೇ ಒಪ್ಪಿದ ಲೆಕ್ಕ. ಉಳಿದವರಲ್ಲಿ ಕೆಲವರು ನಿಯಮ ಹೇಳಿದಷ್ಟು ಮಾಡಿದರು, ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರವನ್ನೂ ಮಾಡಿದರು. ಮೂವರಲ್ಲಿ ಇಬ್ಬರು ಕೆಡದಿದ್ದ ಪ್ರಯೋಗದಿಂದ ಅಧಿಕಾರ ಎಲ್ಲರನ್ನೂ ಕೆಡಿಸುತ್ತದೆ ಎಂಬ ತೀರ್ಮಾನ ಹೇಗೆ ಹೊರಟಿತೋ!

ಇನ್ನೂ ಒಂದು ಎಳೆ ಇದೆ. ಜೈಲು ಜೀವನದ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ ಎಂಬ ಜಾಹೀರಾತಿಗೆ ಯಾರು ಓಗೊಡುತ್ತಾರೆ? 2007ರಲ್ಲಿ ಇಬ್ಬರು ಸಂಶೋಧಕರು ಎರಡು ಜಾಹೀರಾತು ಕೊಟ್ಟು ನೋಡಿದರು. ಒಂದರಲ್ಲಿ ಜೈಲು ಎಂಬ ಮಾತಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಜೈಲಿನ ಮಾತು ಓದಿ ಬಂದವರಲ್ಲಿ ಆಕ್ರಮಣಶೀಲತೆಯೂ ಯಜಮಾನಿಕೆಯ ಹಂಬಲವೂ ಹೆಚ್ಚು, ಪರರ ನೋವಿಗೆ ಮಿಡಿಯುವ ಗುಣ ಕಡಿಮೆ ಇದ್ದವು. ಬ್ರಿಟನ್ನಿನಲ್ಲಿ ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಖರ್ ಬಿಬಿಸಿಯ ಜೊತೆ ಸೇರಿ ಇಂಥದೇ ಜೈಲು ಕಟ್ಟಿದಾಗ ಕಾವಲುಗಾರರಿಗೆ ಯಾರೂ ಪಾಠ ಹೇಳಿಕೊಡಲಿಲ್ಲ. ಅಲ್ಲಿ ಕಾವಲುಗಾರರಿಗೆ ಅಧಿಕಾರ ಚಲಾಯಿಸುವುದೇ ಮುಜುಗರವಾಗಿ, ಕೈದಿಗಳೇ ಒಗ್ಗಟ್ಟಾಗಿ ವ್ಯವಸ್ಥೆಯನ್ನು ಉರುಳಿಸಿದರು.

ಇದು ಬರೀ ಪಂಡಿತರ ಜಗಳ ಎಂದು ಬಿಡಬಹುದಿತ್ತು, 2004 ಬರದಿದ್ದರೆ. ಇರಾಕಿನ ಅಬು ಗ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಬೆತ್ತಲೆ ಮಾಡಿ, ರಾಶಿ ಹಾಕಿ, ಪಕ್ಕದಲ್ಲಿ ನಿಂತು ನಗುತ್ತ ತೆಗೆಸಿಕೊಂಡ ಫೋಟೋಗಳು ಹೊರಬಂದವು. ಆರೋಪಿಗಳಲ್ಲೊಬ್ಬನಾದ ಐವನ್ ಫ್ರೆಡರಿಕ್‌ನ ಪರವಾಗಿ ಸೇನಾ ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿಯಾಗಿ ನಿಂತವನು ಜಿಂಬಾರ್ಡೊ. ಹಣ್ಣಿನ ದೋಷವಲ್ಲ, ಬುಟ್ಟಿಯ ದೋಷ ಎಂಬುದು ಅವನ ವಾದದ ಸಾರ. ನ್ಯಾಯಾಲಯ ಫ್ರೆಡರಿಕ್‌ಗೆ ಎಂಟು ವರ್ಷ ಶಿಕ್ಷೆ ಕೊಟ್ಟಿತು. ನೋಡಿ, ಆ್ಯಕ್ಟನ್ ಅಧಿಕಾರಸ್ಥನನ್ನು ಕಟಕಟೆಗೆ ತರಲು ಬಳಸಿದ ವಿಚಾರ 117 ವರ್ಷ ಕಳೆದು ಕಟಕಟೆಯಲ್ಲಿದ್ದವನ ವಕೀಲನ ಕೈಗೆ ಸಿಕ್ಕಿತು. ಆ ಫೋಟೋಗಳ ಸಿ.ಡಿ.ಯನ್ನು ತನಿಖೆಯವರ ಕೈಗೆ ತಲುಪಿಸಿದವನು ಜೋ ಡಾರ್ಬಿ. ಅವನೂ ಅದೇ ಸೈನ್ಯದವನು, ಅದೇ ತುಕಡಿಯವನು, ಅದೇ ಸೆರೆಮನೆಯಲ್ಲಿ ಕೆಲಸ ಮಾಡುತ್ತಿದ್ದವನು. ಬುಟ್ಟಿಯ ವಾದದಲ್ಲಿ ಡಾರ್ಬಿಗೆ ಜಾಗವೇ ಇಲ್ಲ. ಮೇಲಿನ ಅಧಿಕಾರಿಗಳ ಜವಾಬ್ದಾರಿಯನ್ನೂ ಕೇಳಬೇಕೆಂದು ಜಿಂಬಾರ್ಡೊ ಹೇಳಿದ್ದು ನಿಜ, ಅದು ಸರಿಯಾದ ಮಾತು. ಆದರೆ ಅದಕ್ಕೆ ಆ ಅಧಿಕಾರಿಗಳ ಹೆಸರು ಬೇಕು, ಆದೇಶ ಬೇಕು, ಸಹಿ ಬೇಕು. ಪರಿಸ್ಥಿತಿಯ ಪ್ರಭಾವ ಎಂದರೆ ಅವರೂ ಪಾರಾಗುತ್ತಾರೆ.

ಹಾಗಾದರೆ ಕುರ್ಚಿಯಲ್ಲಿ ಕೂತವರಿಗೆ ಏನೂ ಆಗುವುದಿಲ್ಲವೇ? ಆಗುತ್ತದೆ. 2001ರಲ್ಲಿ ಸೆರೀನಾ ಚೆನ್ ಮತ್ತು ಜೊತೆಗಾರರು ಅಕ್ಷರಶಃ ಕುರ್ಚಿಯನ್ನೇ ಇಟ್ಟು ಪರೀಕ್ಷೆ ಮಾಡಿದರು. ಪ್ರಾಧ್ಯಾಪಕರ ಕೋಣೆಗೆ ವಿದ್ಯಾರ್ಥಿಗಳನ್ನು ಕರೆದು ಕೆಲವರನ್ನು ಮೇಜಿನ ಹಿಂದಿನ ದೊಡ್ಡ ಕುರ್ಚಿಯಲ್ಲಿ, ಇನ್ನು ಕೆಲವರನ್ನು ಎದುರಿನ ಸಾದಾ ಕುರ್ಚಿಯಲ್ಲಿ ಕೂರಿಸಿದರು. ಮಾಡಬೇಕಾದ ಕೆಲಸಗಳಲ್ಲಿ ತಮಗೆ ಬೇಕಾದದ್ದನ್ನು ಆರಿಸಿಕೊಂಡು ಉಳಿದದ್ದನ್ನು ಇನ್ನೂ ಬಾರದ ಜೊತೆಗಾರನಿಗೆ ಬಿಡಬಹುದು ಎಂದರು. ಸಂಬಂಧಗಳಲ್ಲಿ ಕೊಟ್ಟದ್ದು ತೆಗೆದುಕೊಂಡದ್ದರ ಲೆಕ್ಕ ಇಡುವ ಸ್ವಭಾವದವರು ದೊಡ್ಡ ಕುರ್ಚಿಯಲ್ಲಿ ಕೂತಾಗ ತಮಗೆ ಹಗುರದ ಕೆಲಸ ಇಟ್ಟುಕೊಂಡರು. ಇನ್ನೊಬ್ಬರ ಕಷ್ಟಕ್ಕೆ ಆಗುವ ಸ್ವಭಾವದವರು ಅದೇ ಕುರ್ಚಿಯಲ್ಲಿ ಕೂತು ಭಾರದ ಕೆಲಸವನ್ನು ತಾವೇ ಎತ್ತಿಕೊಂಡರು. ಕುರ್ಚಿ ಇಬ್ಬರನ್ನೂ ಮುಟ್ಟಿತು, ಒಂದೇ ದಿಕ್ಕಿಗೆ ತಳ್ಳಲಿಲ್ಲ. ವಿದ್ಯಾರ್ಥಿಗಳ ಮೇಲಿನ ಇಂಥ ಪುಟ್ಟ ಪ್ರಯೋಗಗಳಿಗೆ ನಾನು ಹೆಚ್ಚು ತೂಕ ಕೊಡುವವನಲ್ಲ. ಆದರೆ ಕೆಡಿಸುತ್ತದೆ ಎನ್ನುವವರು ತೋರಿಸುವ ಪುರಾವೆಯೂ ಇದೇ ಜಾತಿಯದು.

ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಪ್ರಯೋಗಶಾಲೆಯ ಹೊರಗೆ, ಯಾರೂ ಏರ್ಪಡಿಸದೆ ನಡೆದ ಒಂದು ಪರೀಕ್ಷೆ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕಚೇರಿ ಇರುವುದರಿಂದ ನಾನಾ ದೇಶಗಳ ರಾಜತಾಂತ್ರಿಕರು ಅಲ್ಲಿ ಕಾರು ಇಟ್ಟುಕೊಂಡಿರುತ್ತಾರೆ. ಎಲ್ಲೆಂದರಲ್ಲಿ ನಿಲ್ಲಿಸಿದರೆ ಪೊಲೀಸರು ಚೀಟಿ ಅಂಟಿಸುತ್ತಿದ್ದರು, ಆದರೆ ರಾಜತಾಂತ್ರಿಕ ರಕ್ಷಣೆ ಇದ್ದುದರಿಂದ ದಂಡ ಕಟ್ಟಿಸಿಕೊಳ್ಳುವಂತಿರಲಿಲ್ಲ. 1997ರಿಂದ 2002ರವರೆಗೆ ಕಟ್ಟದೆ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಈ ದಾಖಲೆ ತೆಗೆದು ನೋಡಿದರು. ಎಲ್ಲರಿಗೂ ಒಂದೇ ಊರು, ಒಂದೇ ರಸ್ತೆ, ಒಂದೇ ವಿನಾಯಿತಿ. ಕುವೈತಿನವರ ಪಾಲಿಗೆ ತಲಾ ಇನ್ನೂರಕ್ಕೂ ಹೆಚ್ಚು ಚೀಟಿ ಬಾಕಿ. ನಾರ್ವೆ, ಸ್ವೀಡನ್ನಿನವರದು ಸೊನ್ನೆ. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರೇ ಸಾಮಾನ್ಯವಾಗಿ ಹೆಚ್ಚು ಬಾಕಿದಾರರು. ಮನುಷ್ಯರು ಮನೆಯಿಂದ ತಂದದ್ದೇ ಇಲ್ಲೂ ಹೊರಬಂತು ಎನ್ನಬಹುದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರ ಕೊನೆಗೆ ನಗರಾಡಳಿತಕ್ಕೆ ಅಂಥ ಕಾರುಗಳ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ಅಧಿಕಾರ ಸಿಕ್ಕಿತು. ಬಾಕಿ ಚೀಟಿಗಳು ನೂರಕ್ಕೆ ತೊಂಬತ್ತೆಂಟರಷ್ಟು ಇಳಿದುಹೋದವು. ರಾಯಭಾರಿಗಳು ಪದವಿ ಕಳೆದುಕೊಂಡಿರಲಿಲ್ಲ, ಸಾಧುಗಳೂ ಆಗಿರಲಿಲ್ಲ. ಕೇಳುವವರು ಬಂದಿದ್ದರು, ಅಷ್ಟೇ.

ಹೇಳೋರಿಲ್ಲ ಕೇಳೋರಿಲ್ಲ ಎಂದು ನಮ್ಮ ಜನ ಬೈಯುವಾಗ ಎಣಿಸುವುದು ಇದನ್ನೇ. ಅಧಿಕಾರ ಬೇರೆ, ಕೇಳುವವರಿಲ್ಲದಿರುವುದು ಬೇರೆ. ಎರಡನ್ನೂ ಗಂಟು ಹಾಕಿದ್ದೇ ಈ ಜನಪ್ರಿಯ ಮಾತಿನ ಮೂಲದೋಷ. ಕೇಳುವವರಿಲ್ಲದ ಕಡೆ ಪದವಿ ಇಲ್ಲದವನೂ ಸಣ್ಣವನಾಗುತ್ತಾನೆ. ಪರೀಕ್ಷೆಗೆ ಬೇಕಾದರೆ ಯಾವುದಾದರೂ ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವರ ಹತ್ತಿರ ಸಾಹೇಬರು ಇದ್ದಾರೆಯೇ ಎಂದು ಕೇಳಿ. ನಥನೇಲ್ ಫಾಸ್ಟ್ ಮತ್ತು ಸಂಗಡಿಗರ 2012ರ ಪ್ರಯೋಗವೊಂದರಲ್ಲಿ, ಎದುರಿನವರಿಗೆ ಅವಮಾನಕರ ಕೆಲಸಗಳನ್ನು ಹೆಚ್ಚಾಗಿ ಹಚ್ಚಿದವರು ಅಧಿಕಾರವೂ ಮರ್ಯಾದೆಯೂ ಇದ್ದವರಲ್ಲ, ಅಧಿಕಾರ ಕೈಯಲ್ಲಿದ್ದೂ ಮರ್ಯಾದೆ ಇಲ್ಲದವರು.

ನಮ್ಮಲ್ಲೇ ನಡೆದ ಉದಾಹರಣೆ ಪಹಣಿಯದು. 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆದುಹಾಕಿತು. ಊರಿನ ಭೂಮಿಯೆಲ್ಲ ಒಂದು ಮನೆಯ ಕಡತದಲ್ಲಿ ಇರುವುದು ತಪ್ಪಿ ಸರ್ಕಾರಿ ಗ್ರಾಮಲೆಕ್ಕಿಗ ಬಂದ. ಮನುಷ್ಯ ಬದಲಾದ, ನೇಮಕದ ರೀತಿ ಬದಲಾಯಿತು, ಜಾತಿಯೂ ಎಷ್ಟೋ ಕಡೆ ಬದಲಾಯಿತು. ಕಡತ ಮಾತ್ರ ಒಬ್ಬನ ಚೀಲದಲ್ಲೇ ಉಳಿಯಿತು. ರೈತ ಅವನ ಹಿಂದೆ ಅಲೆಯುವುದೂ ಉಳಿಯಿತು. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಎರಡು ಕೋಟಿಯಷ್ಟು ದಾಖಲೆಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಪಹಣಿಗೆ ಕೊಡುತ್ತಿದ್ದ ಲಂಚ ಬಹುಮಟ್ಟಿಗೆ ನಿಂತಿತು. ಗ್ರಾಮಲೆಕ್ಕಿಗರಿಗೆ ನೀತಿಪಾಠ ಮಾಡಿ ನಿಂತದ್ದಲ್ಲ. ಕೊಡದೆ ಸತಾಯಿಸುವ ಅವಕಾಶ ಹೋಯಿತು. ಮ್ಯುಟೇಶನ್ನಿನಲ್ಲಿ, ಸರ್ವೆಯಲ್ಲಿ ಇನ್ನೂ ಒಬ್ಬ ಮನುಷ್ಯನ ಮನಸ್ಸು ಬೇಕಾಗಿದ್ದ ಕಡೆ ಲಂಚ ಹಾಗೇ ಮುಂದುವರಿಯಿತು. ಒಂದೇ ಇಲಾಖೆ, ಅವೇ ನೌಕರರು. ಕುರ್ಚಿ ಕೆಡಿಸುತ್ತದೆ ಎಂಬ ಸಿದ್ಧಾಂತ ಇಟ್ಟುಕೊಂಡು ಕೂತಿದ್ದರೆ ಪಹಣಿಯ ಕಿಟಕಿ ತೆರೆಯುತ್ತಿರಲಿಲ್ಲ.

ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರನ್ನೂ ಇಲ್ಲಿ ನೆನೆಯಬೇಕು, ಯಾಕೆಂದರೆ ಅವರು ಈ ಗಾದೆಗೆ ಸಿಕ್ಕುವುದೇ ಇಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ, ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ, ಗೇಣಿದಾರನ ಎದುರು ಧಣಿ ವಕೀಲರನ್ನು ನಿಲ್ಲಿಸದಂತೆ ತಡೆದ ನಿಯಮ, ಹಿಂದುಳಿದ ವರ್ಗಗಳ ಹಾವನೂರು ಆಯೋಗ: ಇವೆಲ್ಲ ಕುರ್ಚಿಯಿಂದಲೇ ಆದವು, ಕುರ್ಚಿ ಇಲ್ಲದೆ ಆಗುತ್ತಿರಲಿಲ್ಲ. ಅದೇ ಅವಧಿಯ ಅಧಿಕಾರ ದುರುಪಯೋಗದ ಆರೋಪಗಳ ವಿಚಾರಣೆಗೆ 1977ರಲ್ಲಿ ಗ್ರೋವರ್ ಆಯೋಗ ಕೂತಿತು. ಒಬ್ಬನೇ ಮನುಷ್ಯ, ಒಂದೇ ಕುರ್ಚಿ, ಅವೇ ವರ್ಷಗಳು. ಅಧಿಕಾರ ಅವರನ್ನು ಕೆಡಿಸಿತೋ ಬೆಳೆಸಿತೋ ಎಂದು ಕೇಳುವವನಿಗೆ ಅರಸರ ಕಾಲ ಅರ್ಥವಾಗುವುದಿಲ್ಲ. ಯಾವ ಕೆಲಸಕ್ಕೆ ಅವರು ಯಾರ ಬಲ ನೆಚ್ಚಿದ್ದರು, ಪ್ರತಿಯಾಗಿ ಯಾರಿಗೆ ಏನು ಕೊಡಬೇಕಾಯಿತು ಎಂದು ಕೇಳಿದರೆ ಸ್ವಲ್ಪವಾದರೂ ಆದೀತು.

ಇವತ್ತಿನ ಚುನಾವಣೆಗೆ ಬಂದರೆ ಈ ಗಾದೆ ಹಾಸ್ಯಾಸ್ಪದ. ವಿಧಾನಸಭೆಯ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಆ ಮಿತಿಯ ಬಗ್ಗೆ ಯಾವ ತಾಲ್ಲೂಕಿನಲ್ಲಿ ಮಾತೆತ್ತಿದರೂ ಜನ ನಗುತ್ತಾರೆ. ಟಿಕೆಟ್‌ಗಾಗಿ, ಸೀರೆಗಾಗಿ, ಬಾಡೂಟಕ್ಕಾಗಿ, ಕೊನೆಯ ರಾತ್ರಿಯ ಕವರಿಗಾಗಿ ಕೈಬಿಚ್ಚಿದವನು ಪ್ರಮಾಣವಚನ ತೆಗೆದುಕೊಂಡ ಮೇಲೆ ಕೆಟ್ಟ ಎನ್ನುವುದು ಅವನ ಮೊದಲಿನ ಲೆಕ್ಕಪುಸ್ತಕವನ್ನು ಮುಚ್ಚಿಡುವ ಉಪಾಯ. ಆ ಕವರು ತೆಗೆದುಕೊಂಡ ನಮ್ಮ ಕೈಯೂ ಅದರಲ್ಲೇ ಮುಚ್ಚಿಹೋಗುತ್ತದೆ. ಸ್ಕೂಟರಿನಲ್ಲಿ ಓಡಾಡುತ್ತಿದ್ದವನು ಸ್ಕೂಟರ್ ಬಿಟ್ಟದ್ದು ಗೆದ್ದ ಮೇಲಲ್ಲ, ಗೆಲ್ಲುವ ದಾರಿಯಲ್ಲಿ.

ಇನ್ನು ನಮ್ಮದೇ ಗಾದೆ ಒಂದಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇದು ಕುರ್ಚಿಯನ್ನು ದೂರುವುದಿಲ್ಲ, ಅಲ್ಪನನ್ನು ದೂರುತ್ತದೆ, ಹಾಗಾಗಿ ಮೊದಲ ಮಾತಿಗಿಂತ ಮೇಲು ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಗಾದೆ ಕಟ್ಟಿದವರು ಯಾರು, ತಲೆತಲಾಂತರದಿಂದ ಕೊಡೆ ಹಿಡಿಸಿಕೊಂಡೇ ಓಡಾಡಿದವರನ್ನು ಬಿಟ್ಟು ಹೊಸಬನ ಕೊಡೆಯೊಂದೇ ಅವರಿಗೆ ಯಾಕೆ ಕಂಡಿತು? ಅಧಿಕಾರ ತಲೆಗೇರಿತು ಎಂಬ ಬೈಗುಳ ಹಳೆಯ ಮನೆತನದ ರಾಜಕಾರಣಿಗಿಂತ ಮೊದಲ ಸಲ ಪಂಚಾಯ್ತಿಗೆ ಬಂದ ದಲಿತ ಅಧ್ಯಕ್ಷನಿಗೆ ಬೇಗ ಅಂಟುತ್ತದೆ, ಹೆಣ್ಣುಮಗಳಿಗೆ ಇನ್ನೂ ಬೇಗ. ಮೊನ್ನೆಯವರೆಗೆ ಗಂಡನ ಹಿಂದೆ ನಿಲ್ಲುತ್ತಿದ್ದವಳು ಪಿಡಿಒ ಮುಂದೆ ಕೂತು ಬಿಲ್ಲಿಗೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿದರೆ ಸಾಕು. ಅದನ್ನೇ ಕೇಳಿದ ಗಂಡಸು ಖಡಕ್ ಮನುಷ್ಯ.

ಕರ್ನಾಟಕ 1987ರ ಚುನಾವಣೆಯಲ್ಲೇ ಮಂಡಲ ಪಂಚಾಯ್ತಿಗಳಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು, ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೂ ಮೊದಲು. ಈಗ ಆ ಪಾಲು ಅರ್ಧ. ಅಧಿಕಾರವನ್ನೇ ಕಾಣದವರಿಗೆ ಒಮ್ಮೆಲೇ ಅಧಿಕಾರ ಸಿಕ್ಕರೆ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಅವಕಾಶ ಲೋಕದಲ್ಲೆಲ್ಲೂ ಸಿಗಲಿಕ್ಕಿಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಕಲೆಹಾಕಿದ ಮಾಹಿತಿಯನ್ನು ಎಸ್ತರ್ ಡಫ್ಲೋ ಮತ್ತು ಪೆಟಿಯಾ ಟೋಪಲೋವಾ ಪರಿಶೀಲಿಸಿದರು. ಮಹಿಳಾ ಮುಖ್ಯಸ್ಥರಿದ್ದ ಹಳ್ಳಿಗಳಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಹೆಚ್ಚಿತ್ತು, ಗುಣಮಟ್ಟ ಕಡಿಮೆ ಇರಲಿಲ್ಲ, ಜನ ಲಂಚ ಕೊಡಬೇಕಾಗಿ ಬಂದದ್ದೂ ಕಡಿಮೆ. ಆದರೂ ಊರಿನವರನ್ನು ಕೇಳಿದರೆ, ಗಂಡಸರೂ ಹೆಂಗಸರೂ ಸಮಾಧಾನವಿಲ್ಲ ಎಂದರು.

ಪಶ್ಚಿಮ ಬಂಗಾಳದಲ್ಲಿ ಡಫ್ಲೋ ಮತ್ತು ಇತರರು ಮುಂದೆ ನಡೆಸಿದ ಅಧ್ಯಯನದಲ್ಲಿ ಈ ಅಸಮಾಧಾನ ಮೊದಲ ಸಲ ಮಹಿಳೆ ಗದ್ದುಗೆಗೆ ಬಂದ ಊರುಗಳಲ್ಲಿ ಕಂಡಿತು; ಎರಡನೇ ಅವಧಿಗೂ ಮಹಿಳೆಗೇ ಮೀಸಲಾದ ಊರುಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಗಿತ್ತು. ನೋಡುವವರ ಕಣ್ಣು ಪಳಗಲು ಒಂದು ಅವಧಿ ಬೇಕಾಯಿತು. ನಮ್ಮಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಅದೇ ಹೆಣ್ಣುಮಗಳಿಗೆ ಅದೇ ಊರಿನಲ್ಲಿ ಎರಡನೇ ಅವಕಾಶ ಸಿಗುವುದು ಅಪರೂಪ, ಮತ್ತು ಅಧಿಕಾರ ಅವಳನ್ನು ಏನು ಮಾಡಿತು ಎಂಬ ತೀರ್ಪು ಅಷ್ಟರಲ್ಲಿ ಅರಳಿಕಟ್ಟೆಯಲ್ಲಿ ಆಗಿಹೋಗಿರುತ್ತದೆ.